ಹಲಗೆಯ ಮಗ, ದಪ್ಪಿನ ಹಾಡುಗಾರ

ನನ್ನ ಮಗ ಕುಕಟ್‌ಪಲ್ಲಿಯಲ್ಲಿ ಒಂದು ಕ್ಲಾಸಿಗೆ ಹೋಗಿ ಡ್ರಮ್ಸ್ ಕಲಿಯುತ್ತಾನೆ. ಜೀಡಿಮೆಟ್ಲಾದ ಶಾಪೂರ್‌ನಗರದ ಎರಡು ರೂಮಿನ ನಮ್ಮ ಮನೆಯಲ್ಲಿ ಡ್ರಮ್ಸ್ ಇಡೋದು ಎಲ್ಲಿಗೆ ಬಂತು? ಒಂದು ರಬ್ಬರ್ ಪ್ಯಾಡ್ ತಂದುಕೊಂಡು ಅದರ ಮೇಲೇ ಟಕಟಕ ಅಂತ ಬಡಿಯುತ್ತಿರುತ್ತಾನೆ. ಒಂದು ದಿನ ನಾನು ರಾತ್ರಿ ಪಾಳಿ ಮುಗಿಸಿ ಬಂದು ಚಹಾ ಕುಡಿಯುತ್ತಿದ್ದಾಗ ಫೋನು ತಂದು ಮುಂದೆ ಹಿಡಿದ. ಫಿಲ್ ಕಾಲಿನ್ಸ್ ಅನ್ನುವ ಇಂಗ್ಲಿಷ್ ಹಾಡುಗಾರನ ವಿಡಿಯೋ.

"ಪಪ್ಪಾ, ಬಾರಿಸ್ಕೋತ ಹಾಡೋದು ಭಾಳ ಕಷ್ಟ ನೋಡ್ರಿ. ಕೈ ಒಂದ್ ಕಡಿ ಹೋದ್ರ ದನಿ ಇನ್ನೊಂದ್ ಕಡಿ ಹೋಗ್ತದ. ಜಗತ್ತಿನ್ಯಾಗ ಅಂಥವ್ರು ಭಾಳ ಕಡಿಮಿ."

ನಾನು ನಕ್ಕೆ. ನಮ್ಮ ಮನೆಯಲ್ಲೇ ಒಬ್ಬ ಇದ್ದ ಅನ್ನೋದು ಅವನಿಗೆ ಗೊತ್ತಿರಲಿಲ್ಲ. ನಾನೇ ಹೇಳಿರಲಿಲ್ಲ. ಇನ್ನೊಬ್ಬ ಇಲ್ಲೇ ಪಕ್ಕದ ಅಲ್ವಾಲದಲ್ಲಿದ್ದ. ಅವನನ್ನು ಇಡೀ ಹೈದರಾಬಾದು ಬಲ್ಲದು. ಮೊದಲು ಆ ಇನ್ನೊಬ್ಬನ ಕತೆ ಹೇಳುತ್ತೇನೆ. ಅವನು ಇರದಿದ್ದರೆ ನನ್ನ ಮನೆಯವನ ಕತೆ ಹೇಳುವ ಧೈರ್ಯ ನನಗೆ ಬರುತ್ತಿರಲಿಲ್ಲ.

ಅವನ ಹೆಸರು ಗದ್ದರ್. ಹುಟ್ಟು ಹೆಸರು ಗುಮ್ಮಡಿ ವಿಠಲ ರಾವ್. ಸುಚಿತ್ರಾ ಸರ್ಕಲ್ಲಿನಿಂದ ಮೇಡ್ಚಲ್ ದಾಟಿ ನಾಗಪುರದ ಕಡೆ ಹೊರಟರೆ ಹೆದ್ದಾರಿಯ ಮೇಲೆ ತೂಪ್ರಾನ್ ಬರುತ್ತದೆ. ಆಗಿನ ಮೆದಕ್ ಜಿಲ್ಲೆಯ ಆ ಊರಿನ ದಲಿತ ಕುಟುಂಬದಲ್ಲಿ ಹುಟ್ಟಿದವ. 1970ರ ಸುಮಾರಿಗೆ ಚಿತ್ರ ನಿರ್ದೇಶಕ ಬಿ. ನರಸಿಂಗ ರಾವ್ ಮತ್ತು ಗೆಳೆಯರು ಕಟ್ಟಿದ ಕಲಾತಂಡಕ್ಕೆ ಹಾಡಲು ಬಂದ. ರಿಕ್ಷಾ ತುಳಿಯುವವರ ಮೇಲೆ ಹಾಡು ಕಟ್ಟಿದ. 1972ರ ಹೊತ್ತಿಗೆ ಜನ ನಾಟ್ಯ ಮಂಡಳಿ ಹುಟ್ಟಿತು. ಬ್ರಿಟಿಷರ ವಿರುದ್ಧ ಎದ್ದ ಗದರ್ ಪಕ್ಷದ ಹೆಸರು ಮೊದಲು ಹಾಡಿಗೆ ಅಂಟಿ, ಆಮೇಲೆ ಹಾಡುಗಾರನಿಗೇ ಅಂಟಿಕೊಂಡಿತು.

ನಮ್ಮವರಿಗೆ ತಮಾಷೆ ಅನ್ನಿಸಬಹುದಾದ ಒಂದು ಸಂಗತಿ ಇದೆ. 1975ರಲ್ಲಿ ಪರೀಕ್ಷೆ ಬರೆದು ಈ ಮನುಷ್ಯ ಸೇರಿದ್ದು ಕೆನರಾ ಬ್ಯಾಂಕಿಗೆ, ಗುಮಾಸ್ತನಾಗಿ. 1906ರಲ್ಲಿ ನಮ್ಮ ಮಂಗಳೂರಿನಲ್ಲಿ ಅಮ್ಮೆಂಬಳ ಸುಬ್ಬರಾವ್ ಪೈ ಕಟ್ಟಿದ ಬ್ಯಾಂಕು ಅದು. ಹಗಲು ಲೆಜ್ಜರು, ಸಂಜೆ ಹಾಡು. ಹೆಚ್ಚುಕಡಿಮೆ ಒಂಬತ್ತು ವರ್ಷ ಹೀಗೆ ನಡೆಸಿ 1984ರಲ್ಲಿ ರಾಜೀನಾಮೆ ಕೊಟ್ಟ. ಬ್ಯಾಂಕಿನ ನೌಕರಿ ಬಿಡೋದು ಅಂದರೆ ಏನು ಅಂತ ಜೀಡಿಮೆಟ್ಲಾದಲ್ಲಿ ಮೂವತ್ತು ವರ್ಷ ಕಾಂಟ್ರಾಕ್ಟಿನಿಂದ ಪರ್ಮನೆಂಟ್ ಆಗುವ ಆಸೆ ನೋಡಿದವರಿಗೆ ಗೊತ್ತು.

ಇನ್ನು ದಪ್ಪು. ತೆಲುಗಿನವರ ದಪ್ಪು, ತಮಿಳರ ಪರೈ, ಮೈಸೂರು ಕಡೆಯ ತಮಟೆ, ನಮ್ಮ ಬೀದರ ಕಡೆಯ ಹಲಗೆ ಎಲ್ಲ ಒಂದೇ ಬಳಗ. ದುಂಡನೆಯ ಚೌಕಟ್ಟಿಗೆ ತೊಗಲು ಬಿಗಿಯುತ್ತಾರೆ. ಬಾರಿಸುವ ಮೊದಲು ಬೆಂಕಿಗೆ ಹಿಡಿದು ಕಾಯಿಸುತ್ತಾರೆ. ಕಾದಷ್ಟೂ ತೊಗಲು ಬಿಗಿಯಾಗಿ ದನಿ ಏರುತ್ತದೆ. ಒಂದು ಕೈಗೆ ಗಿಡ್ಡನೆಯ ದಪ್ಪ ಕೋಲು, ಇನ್ನೊಂದಕ್ಕೆ ಸಣ್ಣ ಉದ್ದನೆಯ ಕಡ್ಡಿ. ಹೆಗಲಿಗೆ ತೂಗುಹಾಕಿಕೊಂಡು ನಡೆಯುತ್ತ, ಕುಣಿಯುತ್ತ, ಬಾಯಿ ಬಿಟ್ಟು ಹಾಡುತ್ತ ಬಾರಿಸಬಹುದು. ಇಂಗ್ಲಿಷ್ ಡ್ರಮ್ಸಿಗೆ ಕಟ್ಟಿಕೊಂಡು ಕೂತಿರಬೇಕು. ಫಿಲ್ ಕಾಲಿನ್ಸನ ತಂಡ ಜೆನೆಸಿಸ್‌ನಿಂದ 1975ರಲ್ಲಿ ಮುಖ್ಯ ಹಾಡುಗಾರ ಪೀಟರ್ ಗೇಬ್ರಿಯಲ್ ಹೊರಟುಹೋದಾಗ, ಹಿಂದೆ ಕೂತಿದ್ದ ಕಾಲಿನ್ಸ್ ಮುಂದೆ ಬಂದು ಮೈಕು ಹಿಡಿದ. ಆದರೆ ಸ್ಟೇಜಿನ ಮೇಲೆ ಅವನ ಜಾಗದಲ್ಲಿ ಬಾರಿಸಲು ಇನ್ನೊಬ್ಬನನ್ನು ಕರೆತರಬೇಕಾಯಿತು. ದಪ್ಪಿನವನಿಗೆ ಆ ತೊಂದರೆ ಇಲ್ಲ.

ಅವನ ತೊಂದರೆ ಬೇರೆ. ದಪ್ಪು ಊರ ಹೊರಗಿನವರ ವಾದ್ಯ. ಹೆಣ ಹೊರಟರೆ ಅದು ಬೇಕು, ಜಾತ್ರೆಗೆ ಬೇಕು, ಡಂಗುರಕ್ಕೆ ಬೇಕು. ಬಾರಿಸುವವ ಮಾತ್ರ ಕಟ್ಟೆಯ ಮೇಲೆ ಕೂರುವ ಹಾಗಿಲ್ಲ. ಗದ್ದರನೂ ಅವನ ಜೊತೆಗಾರರೂ ಮಾಡಿದ ದೊಡ್ಡ ಕೆಲಸ ಅಂದರೆ ಈ ವಾದ್ಯವನ್ನೇ ವೇದಿಕೆಯ ನಟ್ಟನಡುವೆ ತಂದದ್ದು. ಮೇಲೆ ಅಂಗಿ ಇಲ್ಲ, ಹೆಗಲ ಮೇಲೆ ಕಂಬಳಿ, ಕಚ್ಚೆ ಧೋತರ, ಕಾಲಿಗೆ ಗೆಜ್ಜೆ, ಕೈಯಲ್ಲಿ ಕೆಂಪು ಬಟ್ಟೆಯ ಕೋಲು. ಕುರಿ ಕಾಯುವವನ, ಹೊಲದಲ್ಲಿ ದುಡಿಯುವವನ ವೇಷ. ಗೆಜ್ಜೆ ಒಂದು ಲಯ ಹಿಡಿದರೆ ದಪ್ಪು ಅದಕ್ಕೆ ಉತ್ತರ ಕೊಡುತ್ತದೆ, ನಡುವೆ ಕಂಠ.

ಹಾಡು ಕಟ್ಟುವ ಅವನ ಬಗೆಯನ್ನು ಕೇಳಿ ಕೇಳಿ ನಾನು ಅರ್ಥ ಮಾಡಿಕೊಂಡದ್ದು ಇಷ್ಟು. ಮೊದಲನೆಯದಾಗಿ, ಧಾಟಿ ಅವನು ಹುಟ್ಟಿಸುತ್ತಿರಲಿಲ್ಲ, ಎತ್ತಿಕೊಳ್ಳುತ್ತಿದ್ದ. ನಾಟಿ ಹಾಡು, ಬೀಸುವ ಹಾಡು, ಬೀದಿ ಭಾಗವತದ ಮಟ್ಟು. ಜನರಿಗೆ ಧಾಟಿ ಮೊದಲೇ ಗೊತ್ತಿದ್ದರಿಂದ ಎರಡನೇ ಸಾಲಿಗೇ ದನಿಗೂಡಿಸುತ್ತಿದ್ದರು. ಎರಡನೆಯದು, ಅವನ ಹಾಡು ಯಾರನ್ನಾದರೂ ಸಂಬಂಧ ಹಿಡಿದು ಕರೆಯುತ್ತದೆ: ಅಮ್ಮಾ, ಅಣ್ಣಾ, ಚೆಲ್ಲೆಮ್ಮಾ. ಭಾಷಣ ಅನ್ನಿಸುವುದಿಲ್ಲ, ನಮ್ಮ ಮನೆಯ ಬಾಗಿಲಲ್ಲಿ ನಿಂತು ಕೂಗಿದ ಹಾಗೆ. ಮೂರನೆಯದು, ನಡುವೆ ಹಾಡು ನಿಲ್ಲಿಸಿ ಮಾತಾಡುತ್ತಾನೆ. ದಪ್ಪು ಸಣ್ಣಗೆ ನಡೆಯುತ್ತಲೇ ಇರುತ್ತದೆ. ಮಾತು ಮುಗಿದ ಕೂಡಲೇ ಪಲ್ಲವಿ ಎತ್ತುತ್ತಾನೆ. ನಮ್ಮ ಯಕ್ಷಗಾನ, ಸಣ್ಣಾಟ ನೋಡಿದವರಿಗೆ ಇದು ಹೊಸದಲ್ಲ. ನಾಲ್ಕನೆಯದು ಭಾಷೆ. ಪತ್ರಿಕೆಯ ತೆಲುಗು, ಕರಾವಳಿ ಆಂಧ್ರದ ತೆಲುಗು ಅವನಿಗೆ ಬೇಡ. ತೆಲಂಗಾಣದ ಹಳ್ಳಿಯ ತೆಲುಗು, ಅದರಲ್ಲಿ ಬೆರೆತ ಉರ್ದು. ನಿಜಾಮನ ಸಂಸ್ಥಾನದಲ್ಲಿದ್ದು, 1956ರಲ್ಲಿ ಕರ್ನಾಟಕಕ್ಕೆ ಸೇರಿದ ಬೀದರದವನಾದ ನನಗೆ ಆ ತೆಲುಗು ಕೇಳಿದರೆ ನಮ್ಮ ಸಂತೆಯೇ ನೆನಪಾಗುತ್ತದೆ.

ಗೌತಮ್ ಘೋಷ್ ನಿರ್ದೇಶಿಸಿ, ನರಸಿಂಗ ರಾವ್ ನಿರ್ಮಾಪಕರಾಗಿದ್ದ 'ಮಾ ಭೂಮಿ' ಚಿತ್ರ 1979ರಲ್ಲಿ ತಯಾರಾಯಿತು. ನಿಜಾಮನ ಮತ್ತು ದೊರೆಗಳ ವಿರುದ್ಧ ನಡೆದ ತೆಲಂಗಾಣ ರೈತ ಹೋರಾಟದ ಕತೆ. ಅದರಲ್ಲಿ ಬಂಡಿ ಯಾದಗಿರಿ ಎಂಬ ಹಳೆಯ ಹೋರಾಟಗಾರನ ಹಾಡನ್ನು ಗದ್ದರ್ ತಾನೇ ಪರದೆಯ ಮೇಲೆ ಬಂದು ಹಾಡಿದ. ಅಲ್ಲಿಂದ ಊರೂರಿಗೆ ಅವನ ದನಿ ಹೋಯಿತು. ಉಳಿದದ್ದನ್ನು ಕ್ಯಾಸೆಟ್ಟುಗಳು ಮಾಡಿದವು.

ಅದೇ ಕಾಲಕ್ಕೆ ನಮ್ಮಲ್ಲಿ ಏನಾಗುತ್ತಿತ್ತು? 1975ರಲ್ಲಿ ಸಿದ್ಧಲಿಂಗಯ್ಯನವರ 'ಹೊಲೆ ಮಾದಿಗರ ಹಾಡು' ಬಂತು. ಅದೇ ವರ್ಷ ಸಮುದಾಯ ತಂಡ ಹುಟ್ಟಿತು. ದಲಿತ ಸಂಘರ್ಷ ಸಮಿತಿಯ ಸಭೆಗಳಲ್ಲಿ ಹಾಡಿಲ್ಲದೆ ಭಾಷಣ ಶುರುವಾಗುತ್ತಿರಲಿಲ್ಲ. ಆದರೆ ಒಂದು ವ್ಯತ್ಯಾಸ ಇದೆ. ನಮ್ಮಲ್ಲಿ ಕವಿ ಬರೆದ, ಬೇರೆಯವರು ಹಾಡಿದರು. ಕವಿ ಮುಂದೆ ವಿಶ್ವವಿದ್ಯಾಲಯಕ್ಕೆ, ವಿಧಾನ ಪರಿಷತ್ತಿಗೆ ಹೋದರು. ಇಲ್ಲಿ ಬರೆದವನೇ ಹಾಡಿದ, ಕುಣಿದ, ಮತ್ತು ಬಂದೂಕಿನ ರಾಜಕೀಯದ ಜೊತೆ ಹೋದ. ಯಾವುದು ಸರಿ ಅಂತ ನಾನು ಹೇಳಲಾರೆ. ನಮ್ಮ ದಾರಿಯಲ್ಲಿ ಹೆಣಗಳು ಕಡಿಮೆ ಬಿದ್ದವು ಅಂತ ಮಾತ್ರ ಹೇಳಬಲ್ಲೆ.

1985ರ ಜುಲೈ 17ರಂದು ಪ್ರಕಾಶಂ ಜಿಲ್ಲೆಯ ಕಾರಂಚೇಡುವಿನಲ್ಲಿ ದಲಿತರ ಹತ್ಯಾಕಾಂಡವಾಯಿತು. ಗದ್ದರ್ ಅದರ ಮೇಲೆ ಹಾಡು ಕಟ್ಟಿ ತಿರುಗಿದ. ಪೊಲೀಸರು ಹಿಂದೆ ಬಿದ್ದರು. ಹೆಚ್ಚುಕಡಿಮೆ ಐದು ವರ್ಷ ಭೂಗತ. 1990ರ ಫೆಬ್ರವರಿಯಲ್ಲಿ ಹೊರಬಂದು ನಿಜಾಂ ಕಾಲೇಜು ಮೈದಾನದಲ್ಲಿ ಹಾಡಿದಾಗ ಲಕ್ಷಕ್ಕೂ ಮಿಕ್ಕಿ ಜನ ಸೇರಿದ್ದರು. ನಮ್ಮ ಫ್ಯಾಕ್ಟರಿಯ ಬಾಯ್ಲರ್ ಅಣ್ಣ ಅವತ್ತು ಅಲ್ಲಿದ್ದನಂತೆ. "ತಮ್ಮುಡೂ, ಆ ರಾತ್ರಿ ಸಿಟಿ ಬಸ್ಸು ಸಿಗಲಿಲ್ಲ, ನಡಕೊಂಡೇ ಚಿಂತಲ್‌ಗೆ ಬಂದೆವು, ದಾರಿಯುದ್ದ ಹಾಡ್ಕೋತ" ಅಂತ ಎಷ್ಟು ಸಲ ಹೇಳಿದ್ದಾನೋ.

ನಾನು ಇಲ್ಲಿಗೆ ಬಂದದ್ದು 1993ರಲ್ಲಿ. ಹುಮನಾಬಾದ್ ಕಡೆಯ ಹಳ್ಳಿಯಿಂದ ಬಂದ ಹುಡುಗನಿಗೆ ಔಷಧಿ ಫ್ಯಾಕ್ಟರಿಯ ಸಾಲ್ವೆಂಟ್ ವಾಸನೆಯೇ ಪಟ್ಟಣದ ವಾಸನೆ. ಯಾರಾದರೂ "ನಿಮ್ಮಪ್ಪ ಏನು ಮಾಡ್ತಾರೆ" ಅಂದರೆ "ಹೊಲ ಮಾಡ್ತಾರೆ" ಅನ್ನುತ್ತಿದ್ದೆ. ನಮಗೆ ಹೊಲ ಇರಲಿಲ್ಲ. ಅಪ್ಪ ಹಲಗೆ ಬಾರಿಸುತ್ತಿದ್ದ. ಬಾರಿಸುತ್ತಲೇ ಹಾಡುತ್ತಿದ್ದ. ಹೆಣದ ಮುಂದೆ ಒಂದು ಹಾಡು, ಮೊಹರಮ್ಮಿನ ಅಲಾಯಿ ಸುತ್ತ ಇನ್ನೊಂದು. 2002ರಲ್ಲಿ ನನ್ನ ಮದುವೆಯಾದಾಗ ಫ್ಯಾಕ್ಟರಿಯಿಂದ ಗೆಳೆಯರು ಬರುವವರಿದ್ದರು. ನಾನು ಅಪ್ಪನಿಗೆ, "ಅದನ್ನ ಹೊರಗ ತೆಗಿಬ್ಯಾಡಪ್ಪ" ಅಂದೆ. ಅಪ್ಪ ಏನೂ ಅನ್ನಲಿಲ್ಲ. ಗೋಡೆಯ ಮೊಳೆಯಲ್ಲಿದ್ದ ಹಲಗೆಯ ಮೇಲೆ ಒಂದು ಟವೆಲು ಹೊದಿಸಿದ. 2006ರಲ್ಲಿ ತೀರಿಕೊಂಡ.

ತೆಲಂಗಾಣ ಚಳವಳಿ ಜೋರಾಗಿದ್ದ ದಿನಗಳಲ್ಲಿ ಒಂದು ಸಂಜೆ ಬಾಯ್ಲರ್ ಅಣ್ಣ ನನ್ನನ್ನು ಗದ್ದರ್ ಹಾಡುವ ಕಡೆ ಕರಕೊಂಡು ಹೋದ. ಅಷ್ಟು ಹೊತ್ತಿಗೆ ಅವನ ಮೈಯೊಳಗೆ ಗುಂಡು ಇತ್ತು. 1997ರ ಏಪ್ರಿಲ್ 6ರಂದು ಅಲ್ವಾಲದ ವೆಂಕಟಾಪುರದ ಮನೆಯಲ್ಲೇ ಅವನ ಮೇಲೆ ಗುಂಡು ಹಾರಿಸಿದ್ದರು. ಬೆನ್ನುಮೂಳೆಯ ಹತ್ತಿರ ಸಿಕ್ಕಿಕೊಂಡ ಒಂದು ಗುಂಡನ್ನು ತೆಗೆಯುವುದು ಅಪಾಯ ಅಂತ ವೈದ್ಯರು ಹಾಗೇ ಬಿಟ್ಟರು. ಆ ಗುಂಡು ಇಟ್ಟುಕೊಂಡೇ ಮನುಷ್ಯ ಕುಣಿಯುತ್ತಿದ್ದ! ದಪ್ಪು ಏರಿತು. ಸುತ್ತಲೂ ಹುಡುಗರು, ಹೆಂಗಸರು, ಆಟೋದವರು, ಕಾಲೇಜಿನವರು ಎಲ್ಲ ಆ ಬಡಿತಕ್ಕೆ ಕೈ ತಟ್ಟುತ್ತಿದ್ದರು. ನಾನು ತಟ್ಟಲಿಲ್ಲ. ಆ ನಡಿಗೆ ಬಡಿತ ಅಪ್ಪನದೇ. ಟವೆಲು ಹೊದಿಸಿದ ಹಲಗೆ ಕಣ್ಣ ಮುಂದೆ ಬಂತು.

ಅವನನ್ನು ದೇವರು ಮಾಡುವುದೂ ಬೇಡ. 2004ರಲ್ಲಿ ಸರಕಾರ ಮತ್ತು ನಕ್ಸಲರ ಶಾಂತಿ ಮಾತುಕತೆಗೆ ವರವರ ರಾವ್, ಕಲ್ಯಾಣ ರಾವ್ ಜೊತೆ ಅವನೂ ದೂತನಾಗಿದ್ದ, ಮಾತುಕತೆ ಮುರಿದುಬಿತ್ತು. ಅವನ ಹಾಡು ಕೇಳಿ ಕಾಡಿಗೆ ಹೋದ ಹುಡುಗರು ಎಷ್ಟೋ ಮಂದಿ ಹಿಂದಿರುಗಲಿಲ್ಲ ಅನ್ನುವ ತಾಯಂದಿರು ತೆಲಂಗಾಣದಲ್ಲಿದ್ದಾರೆ. ಅದಕ್ಕೆ ಹಾಡುಗಾರ ಎಷ್ಟು ಹೊಣೆ? ಕೊನೆಗಾಲದಲ್ಲಿ ಅವನೇ ದಾರಿ ಬದಲಿಸಿದ, ಸಂವಿಧಾನದ ಮಾತಾಡಿದ, 2018ರ ಚುನಾವಣೆಯಲ್ಲಿ ಬದುಕಿನಲ್ಲಿ ಮೊದಲ ಸಲ ಮತ ಹಾಕಿದ. ಹಳೆಯ ಗೆಳೆಯರು ಬೈದರು. ಪ್ರಶಸ್ತಿಯ ವಿಷಯದಲ್ಲೂ ಹಾಗೇ. 1995ರ 'ಒರೇ ರಿಕ್ಷಾ' ಚಿತ್ರಕ್ಕೆ ಅಣ್ಣನೊಬ್ಬ ತಂಗಿಯ ಋಣ ನೆನೆಯುವ ಹಾಡು ಬರೆದು ನಂದಿ ಪ್ರಶಸ್ತಿ ಬಂದಾಗ ಒಲ್ಲೆ ಅಂದ. 2011ರ 'ಜೈ ಬೋಲೋ ತೆಲಂಗಾಣ' ಚಿತ್ರದ ಹಾಡಿಗೆ ಮತ್ತೆ ನಂದಿ ಬಂತು. ಅವನು ಹೋದ ಮೇಲೆ, 2024ರಲ್ಲಿ, ತೆಲಂಗಾಣ ಸರಕಾರ ಆ ನಂದಿಯ ಬದಲಿಗೆ ಗದ್ದರ್ ಹೆಸರಿನಲ್ಲೇ ಚಿತ್ರ ಪ್ರಶಸ್ತಿ ಕೊಡುವುದಾಗಿ ಘೋಷಿಸಿತು!

ಅವನು ತೀರಿಕೊಂಡದ್ದು 2023ರ ಆಗಸ್ಟ್ 6, ಭಾನುವಾರ. ಮರುದಿನ ಎಲ್.ಬಿ. ಸ್ಟೇಡಿಯಮ್ಮಿನಿಂದ ಅಲ್ವಾಲಕ್ಕೆ ಮೆರವಣಿಗೆ. ಮೊದಲ ಪಾಳಿ ಮುಗಿಸಿ ನಾನೂ ಬಾಯ್ಲರ್ ಅಣ್ಣನೂ ಹೋದೆವು. ಅವನೇ ಕಟ್ಟಿದ ಮಹಾಬೋಧಿ ಶಾಲೆಯ ಅಂಗಳದಲ್ಲಿ ಸರಕಾರಿ ಗೌರವದೊಂದಿಗೆ ಅಂತ್ಯಕ್ರಿಯೆ. ನೂಕುನುಗ್ಗಲು ವಿಪರೀತ. 'ಸಿಯಾಸತ್' ಪತ್ರಿಕೆಯ ಜಹೀರುದ್ದೀನ್ ಅಲಿ ಖಾನ್, ಗದ್ದರನ ಗೆಳೆಯ, ಅದೇ ಗದ್ದಲದಲ್ಲಿ ಕುಸಿದು ತೀರಿಕೊಂಡರು. ದಪ್ಪು ಮಾತ್ರ ನಿಲ್ಲಲಿಲ್ಲ. ಜೀವಮಾನವಿಡೀ ಬೇರೆಯವರ ಹೆಣದ ಮುಂದೆ ಬಾರಿಸಿದ ಅಪ್ಪನ ಹೆಣದ ಮುಂದೆ ಹಲಗೆ ಇರಲಿಲ್ಲ ಅನ್ನೋದು ನನಗೆ ಅಲ್ಲಿ ನಿಂತಾಗ ನೆನಪಾಯಿತು. ಬೇಡ ಅಂದವ ನಾನೇ.

ಮಗನಿಗೆ ಇಷ್ಟನ್ನೂ ಹೇಳಿದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, ಇನ್ನೊಂದು ವಿಡಿಯೋ ತೋರಿಸಿದ. ಬೆನ್ನುಮೂಳೆಯ ತೊಂದರೆಯಿಂದ ಫಿಲ್ ಕಾಲಿನ್ಸನ ಕೈಗೆ ಕೋಲು ಹಿಡಿಯಲು ಬಾರದಾಗಿತ್ತು. 2022ರ ಮಾರ್ಚಿನಲ್ಲಿ ಲಂಡನ್ನಿನಲ್ಲಿ ಜೆನೆಸಿಸ್ಸಿನ ಕೊನೆಯ ಕಛೇರಿ. ಅಪ್ಪ ಕುರ್ಚಿಯ ಮೇಲೆ ಕೂತು ಹಾಡುತ್ತಿದ್ದಾನೆ, ಹಿಂದೆ ಡ್ರಮ್ಸಿನ ಮೇಲೆ ಮಗ ನಿಕೊಲಸ್. "ಮುತ್ಯಾನ ಹಲಗಿ ಎಲ್ಲದ?" ಅಂತ ಕೇಳಿದ.

ದೀಪಾವಳಿಗೆ ಊರಿಗೆ ಹೋದಾಗ ತಮ್ಮನ ಮನೆಯಿಂದ ತಂದೆವು. ತೊಗಲು ಸೀಳಿತ್ತು, ಚೌಕಟ್ಟು ಗಟ್ಟಿ ಇತ್ತು. ಹೊಸ ತೊಗಲು ಕಟ್ಟಿಸಿದೆ. ಒಂದು ಭಾನುವಾರ ಟೆರೇಸಿನ ಮೇಲೆ ಹಳೆಯ ಪೇಪರು ಸುಟ್ಟು ಕಾಯಿಸಿ, ಕೋಲು ಹಿಡಿಯುವ ಬಗೆ ತೋರಿಸಿದೆ. ನನ್ನ ಕೈ ಅದನ್ನು ಮರೆತಿರಲಿಲ್ಲ. ಹುಡುಗ ಬೇಗ ಹಿಡಿದುಕೊಂಡ. ಎರಡು ನಿಮಿಷಕ್ಕೇ ಕೆಳಗಿನ ಮನೆಯವರು ಮೆಟ್ಟಿಲು ಹತ್ತಿ ಬಂದು, ಗಾಬರಿಯಿಂದ, ಯಾರು ಹೋದರು ಅಂತ ತೆಲುಗಿನಲ್ಲಿ ಕೇಳಿದರು.

ನಾನು ಉತ್ತರ ಹುಡುಕುತ್ತಿದ್ದೆ. ಮಗ ಬಾರಿಸುವುದನ್ನು ನಿಲ್ಲಿಸದೆ ಹೇಳಿದ: "ಎವರೂ ಲೇದು ಅಂಕುಲ್. ಇದಿ ಮಾ ತಾತದಿ." ಯಾರೂ ಇಲ್ಲ ಅಂಕಲ್, ಇದು ನಮ್ಮ ಮುತ್ಯಾಂದು.