ಕಪ್ಪು ಚೌಕ: ಒಂದು ಚಿತ್ರವನ್ನು ನೋಡುವ ಬಗೆ

ಬಿಳಿಯ ನಡುವೆ ಒಂದು ಕಪ್ಪು ಚೌಕ, ಅಷ್ಟೇ. ಕಾಜಿಮಿರ್ ಮಾಲೆವಿಚ್ 1915ರಲ್ಲಿ ಬರೆದ ಈ ತೈಲಚಿತ್ರ ಕಂಡು ‘ಇದನ್ನು ನಮ್ಮ ಮನೆಯ ಮಗುವೂ ಬರೆದೀತು’ ಎನ್ನುವವರುಂಟು. ಹಾಗೆಂದು ಮುಂದೆ ಹೋಗುವ ಮೊದಲು ಸದಸ್ಯರು ತುಸು ನಿಂತು ನೋಡಬೇಕೆಂಬುದು ನಮ್ಮ ಕೋರಿಕೆ.

ಮೊದಲು ಅಳತೆ: ಸುಮಾರು 80 ಸೆಂ.ಮೀ. ಉದ್ದ, ಅಷ್ಟೇ ಅಗಲ.

ಎರಡನೆಯದು ಅಂಚು: ಸ್ಕೇಲು ಹಿಡಿದು ಎಳೆದಂತಿಲ್ಲ, ಬದಿಗಳು ಕೊಂಚ ಓರೆ. ಆ ಓರೆಯಿಂದಲೇ ಚೌಕ ಅಲುಗಿದಂತೆ ತೋರುತ್ತದೆ.

ಮೂರನೆಯದು ಮೇಲ್ಮೈ: ಕಪ್ಪು ಬಿರುಕು ಬಿಟ್ಟಿದೆ, ಸಂದುಗಳಲ್ಲಿ ಬೇರೆ ಬಣ್ಣ ಇಣುಕುತ್ತದೆ. ಚಿತ್ರವಿರುವ ಮಾಸ್ಕೋದ ಟ್ರೆಟ್ಯಾಕೋವ್ ಗ್ಯಾಲರಿಯ ತಜ್ಞರು 2015ರಲ್ಲಿ ಎಕ್ಸ್‌ರೇ ಪರೀಕ್ಷೆಯ ನಂತರ, ಅಡಿಯಲ್ಲಿ ಎರಡು ವರ್ಣಚಿತ್ರಗಳಿವೆ ಎಂದು ತಿಳಿಸಿದರು. ಈ ಬರಿದು ಬಣ್ಣ ಬಾರದವರ ಬರಿದಲ್ಲ, ಬಣ್ಣ ಬಿಟ್ಟವರದು.

ನಾಲ್ಕನೆಯದು ಜಾಗ: 1915ರ ಡಿಸೆಂಬರಿನ ಪೆಟ್ರೋಗ್ರಾಡ್ ಪ್ರದರ್ಶನದಲ್ಲಿ ಎರಡು ಗೋಡೆ ಕೂಡುವ ಮೂಲೆಯಲ್ಲಿ, ಎತ್ತರದಲ್ಲಿ ಇದನ್ನು ತೂಗುಹಾಕಿದ್ದರು. ರಷ್ಯನ್ನರ ಮನೆಗಳಲ್ಲಿ ಅದು ದೇವರ ಪಟದ ಜಾಗ. ನಮ್ಮ ದೇವರ ಗೂಡಿನಲ್ಲಿ ಯಾರಾದರೂ ಕಪ್ಪು ಹಲಗೆ ಇಟ್ಟರೆ ನಾವು ಸುಮ್ಮನಿರುತ್ತೇವೆಯೇ? ಅಲ್ಲಿಯೂ ಸುಮ್ಮನಿರಲಿಲ್ಲ, ವಿಮರ್ಶಕ ಅಲೆಕ್ಸಾಂಡರ್ ಬೆನುವಾ ಕಟುವಾಗಿ ಟೀಕಿಸಿದರು.

ಮುಂದೆ ಸೋವಿಯತ್ ಆಡಳಿತಕ್ಕೂ ಇಂಥ ಕಲೆ ಸೇರಲಿಲ್ಲ. 1930ರಲ್ಲಿ ಮಾಲೆವಿಚ್ ಬಂಧನಕ್ಕೊಳಗಾದರು. 1935ರಲ್ಲಿ ತೀರಿಕೊಂಡಾಗ ಪಾರ್ಥಿವ ಶರೀರದ ತಲೆಯ ಮೇಲ್ಗಡೆ ಇದ್ದದ್ದು ಒಂದು ಕಪ್ಪು ಚೌಕವೇ.

ಮೆಚ್ಚಲೇಬೇಕೆಂದು ನಾವು ಹೇಳುವುದಿಲ್ಲ. ಅಂಚು, ಬಿರುಕು, ಜಾಗ ಈ ಮೂರನ್ನು ನೋಡಿದ ಮೇಲೆ ಬೇಡವೆನ್ನುವ ಹಕ್ಕು ಎಲ್ಲರಿಗೂ ಇದೆ.