ಅಜ್ಜಿಯ ಫೋಟೋ, ಬೆಳ್ಳಿ ಮತ್ತು ಸೆಲೆನಿಯಂ

ಪುಣೆಯ ನಮ್ಮ ಮನೆಯ ಹಾಲಿನಲ್ಲಿ ಅಜ್ಜಿಯ ಮದುವೆಯ ಫೋಟೋ ಇದೆ. ಹುಬ್ಬಳ್ಳಿಯ ಸ್ಟುಡಿಯೋದಲ್ಲಿ ತೆಗೆಸಿದ್ದು. ಈಗ ಅಂಚು ಹಳದಿಯಾಗಿ, ಕಪ್ಪಿದ್ದ ಕಡೆಯೆಲ್ಲ ಕನ್ನಡಿಯಂಥ ಹೊಳಪು ಬಂದಿದೆ. "ಫೋಟೋಕ್ಕೂ ವಯಸ್ಸಾತು ಬಿಡು" ಎನ್ನುತ್ತಿದ್ದಳು ಅಮ್ಮ. ಕಂಪ್ಯೂಟರಿನಿಂದ ಬಿಡುವು ಬೇಕೆಂದು ವಾರಾಂತ್ಯದ ಡಾರ್ಕ್‌ರೂಂ ತರಗತಿ ಸೇರಿದ ಮೇಲೆ ನನಗೆ ನಿಜವಾದ ಕಾರಣ ತಿಳಿಯಿತು.

ಕಪ್ಪು-ಬಿಳುಪು ಚಿತ್ರದಲ್ಲಿನ ಕಪ್ಪು ಎಂದರೆ ಬೆಳ್ಳಿಯ ಸೂಕ್ಷ್ಮ ಕಣಗಳು. ದೇವರ ಮನೆಯ ಬೆಳ್ಳಿ ದೀಪ ಏನಾಗುತ್ತದೆಂದು ನಮಗೆಲ್ಲ ಗೊತ್ತೇ ಇದೆ! ಚಿತ್ರದ ಬೆಳ್ಳಿಗೂ ಅದೇ ಗತಿ. 1855ರಲ್ಲಿ ಲಂಡನ್ನಿನ ಫೋಟೋಗ್ರಾಫಿಕ್ ಸೊಸೈಟಿ ಚಿತ್ರಗಳು ಮಾಸುವುದೇಕೆಂದು ಪರಿಶೀಲಿಸಲು ಒಂದು ಸಮಿತಿಯನ್ನೇ ನೇಮಿಸಿತು. ವಿಕ್ಟೋರಿಯಾ ರಾಣಿಯ ಪತಿ ಆಲ್ಬರ್ಟ್ ಅದಕ್ಕೆ 50 ಪೌಂಡ್ ಕೊಟ್ಟ. ಸರಿಯಾಗಿ ತೊಳೆಯದೆ ಕಾಗದದಲ್ಲೇ ಉಳಿದ ಹೈಪೋ ಮತ್ತು ಗಾಳಿಯಲ್ಲಿನ ಗಂಧಕ, ಇವೇ ಮುಖ್ಯ ಕಾರಣ ಎಂದಿತು ಸಮಿತಿ. ಚಿನ್ನದ ದ್ರಾವಣದಲ್ಲಿ ಟೋನ್ ಮಾಡಿ ಎಂಬ ಸಲಹೆಯನ್ನೂ ಕೊಟ್ಟಿತು.

ಚಿನ್ನ ಎಲ್ಲರಿಗೂ ಎಟಕುವುದೆ? ಇಪ್ಪತ್ತನೆಯ ಶತಮಾನದಲ್ಲಿ ಸೆಲೆನಿಯಂ ಬಳಕೆಗೆ ಬಂತು. ಸ್ವೀಡನ್ನಿನ ಬರ್ಜೀಲಿಯಸ್ 1817ರಲ್ಲಿ ಕಂಡುಹಿಡಿದು, ಗ್ರೀಕರ ಚಂದ್ರದೇವತೆಯ ಹೆಸರಿಟ್ಟ ಮೂಲವಸ್ತು ಅದು. ಟೋನರಿನಲ್ಲಿ ಬೆಳ್ಳಿಯೊಡನೆ ಸೇರಿ ಸಿಲ್ವರ್ ಸೆಲೆನೈಡ್ ಆಗುತ್ತದೆ. ಅದು ಬರಿಯ ಬೆಳ್ಳಿಯಷ್ಟು ಸುಲಭವಾಗಿ ಕೆಡುವುದಿಲ್ಲ. ಅಮೆರಿಕದ ಆನ್ಸೆಲ್ ಆಡಮ್ಸ್ ತನ್ನ ಪ್ರಿಂಟುಗಳನ್ನು ಇದರಲ್ಲೇ ಮುಗಿಸುತ್ತಿದ್ದ. ಬಾಳಿಕೆಯ ಜೊತೆಗೆ ಕಪ್ಪಿಗೆ ಆಳವೂ ಬರುತ್ತಿತ್ತು.

ಒಂದು ಪಾಲು ಟೋನರಿಗೆ ಒಂಬತ್ತು ಪಾಲು ನೀರು. ಲೈಟು ಹಾಕಿಕೊಂಡೇ ಮಾಡಬಹುದು. ಅಮೋನಿಯಾ ವಾಸನೆ ಮೂಗಿಗೆ ಹೊಡೆಯುತ್ತದೆ. ಸೆಲೆನಿಯಂ ವಿಷ, ಆದ್ದರಿಂದ ಕೈಗವಸು ಬೇಕು, ಕಿಟಕಿ ತೆರೆದಿರಬೇಕು. ಟೋನ್ ಮಾಡದ ಇನ್ನೊಂದು ಪ್ರಿಂಟನ್ನು ಪಕ್ಕದಲ್ಲಿಟ್ಟುಕೊಳ್ಳದಿದ್ದರೆ ಬದಲಾವಣೆ ಕಣ್ಣಿಗೆ ಕಾಣುವುದೇ ಇಲ್ಲ, ಅಷ್ಟು ನಿಧಾನ. ಒಮ್ಮೆ ನಾನು ಶಕ್ತಿಗುಂದಿದ ಹಳೆಯ ಫಿಕ್ಸರ್ ಬಳಸಿದ್ದೆ. ಟೋನರಿಗೆ ಇಳಿಸಿದೊಡನೆ ಬಿಳಿಯ ಭಾಗದಲ್ಲೆಲ್ಲ ಕಲೆ ಎದ್ದಿತು. ಹಿಂದಿನ ಹಂತದ ಸೋಮಾರಿತನವನ್ನು ಸೆಲೆನಿಯಂ ಮುಚ್ಚಿಡುವುದಿಲ್ಲ.

ಮಾಸಿದ ಚಿತ್ರವನ್ನು ಇದು ಮರಳಿ ತರಲಾರದು. ಹಾಗಾಗಿ ಅಜ್ಜಿಯ ಫೋಟೋವನ್ನು ಫಿಲ್ಮ್ ಕ್ಯಾಮೆರಾದಲ್ಲಿ ಮತ್ತೆ ತೆಗೆದು, ಹೊಸ ನೆಗೆಟಿವ್‌ನಿಂದ ಪ್ರಿಂಟ್ ಮಾಡಿದೆ. ಸ್ಕ್ಯಾನ್ ಮಾಡಿದ ಫೈಲೂ ಇದೆ. ಆದರೆ ಹತ್ತು ವರ್ಷದ ಹಿಂದಿನ ನನ್ನದೇ ಹಾರ್ಡ್ ಡಿಸ್ಕ್ ತೆರೆಯದೆ ಪರದಾಡಿದವಳು ನಾನು, ಫೈಲನ್ನೇ ನಂಬಿ ಕೂರಲಾರೆ. ಐದು ನಿಮಿಷ ಟೋನರಿನಲ್ಲಿಟ್ಟು ಒಂದು ಗಂಟೆ ತೊಳೆದೆ.

ಹಳೆಯದು ಈಗ ಅಲ್ಮೇರಾದಲ್ಲಿದೆ, ಹೊಸದು ಗೋಡೆಯ ಮೇಲೆ. ಅಮ್ಮ ಅದರ ಮುಂದೆ ಬಹಳ ಹೊತ್ತು ನಿಂತಿದ್ದಳು. "ನಮ್ಮವ್ವನ ಕೂದಲು ಇಷ್ಟು ಕರ್ರಗಿತ್ತಾ?" ಅಂದಳು.