ಉತಾರದಾಗ ಯಾರ ಹೆಸರೈತಿ?

ನಮ್ಮೂರ ಲೆಕ್ಕ, ಪೋಸ್ಟ್ 4

ಹಾವೇರಿ ರೈಲ್ವೆ ಸ್ಟೇಷನ್ನಿಗೆ ಯಾರ ಹೆಸರೈತಿ ಹೇಳ್ರಿ ನೋಡೋಣ? ಮೈಲಾರ ಮಹದೇವಪ್ಪನವರದು. ಮೋಟೆಬೆನ್ನೂರಿನವರು. 1930ರಲ್ಲಿ ಗಾಂಧೀಜಿ ಜೊತೆ ದಂಡಿಗೆ ನಡೆದಾಗ ಅವರಿಗೆ ಬರೀ 18 ವರ್ಷ, ನಮಗಿಂತ ಸಣ್ಣವರು. ಗುಂಡೇಟಿಗೆ ಬಿದ್ದದ್ದು ನಮ್ಮ ಹೊಸರಿತ್ತಿಯಲ್ಲಿ, 1943ರ ಏಪ್ರಿಲ್ 1ರಂದು. ಜೊತೆಗೆ ತಿರಕಪ್ಪ ಮಡಿವಾಳರ, ವೀರಯ್ಯ ಹಿರೇಮಠ.

ಇಷ್ಟು ಸಾಲಿಯೊಳಗ ಓದೀವಿ. ಆದರೆ ಅವತ್ತು ಅವರು ಇಲ್ಲಿಗೆ ಬಂದದ್ದು ಯಾತಕ್ಕ? ರೈತರಿಂದ ವಸೂಲಿ ಮಾಡಿದ ಕಂದಾಯದ ದುಡ್ಡನ್ನು ವೀರಭದ್ರ ದೇವರ ಗುಡಿಯಲ್ಲಿಟ್ಟು ಪೊಲೀಸರು ಕಾಯ್ತಿದ್ದರು. ಅದಕ್ಕ.

ಅಂದ್ರ ಆವಾಗ ದುಡ್ಡು ಹೊಲದಿಂದ ಸರ್ಕಾರಕ್ಕ ಹೋಗ್ತಿತ್ತು. ಈಗ ಎಂಟ್ರಿ ಉಲ್ಟಾ ಆಗೈತಿ (ಬಿಕಾಂ ಬುದ್ಧಿ, ಕ್ಷಮಿಸ್ರಿ). 2019ರಿಂದ ಪಿಎಂ ಕಿಸಾನ್: ವರ್ಷಕ್ಕೆ 6000 ರೂಪಾಯಿ, ಮೂರು ಕಂತು, ನೇರ ಅಕೌಂಟಿಗೆ. ನಮ್ಮ ರಾಜ್ಯ ಸರ್ಕಾರನೂ ಒಂದಿಷ್ಟು ವರ್ಷ 4000 ಸೇರಿಸ್ತಿತ್ತು, ಅದು ನಿಂತೈತಿ.

ಕಂತು ಬಿದ್ದ ದಿನ ಕಟ್ಟಿ ಮ್ಯಾಲ ಕುಂತವರ ಮೊಬೈಲೆಲ್ಲ ಟಿಣ್ ಅಂತಾವು. ನಮ್ಮಪ್ಪಂದು ಸುಮ್ನ ಇರ್ತೈತಿ. ಯಾಕಂದ್ರ ನಾವು ಮಾಡೋದು ಲಾವಣಿ ಹೊಲ. ಬಿತ್ತೋರು ನಾವು, ಗೋವಿನಜೋಳಕ್ಕ ಹುಳ ಬಿದ್ರ ನಿದ್ದಿಗೆಡೋರು ನಾವು. ಉತಾರದಾಗ ಹೆಸರು ಮಾಲಕರದು, ಅವರಿರೋದು ಪ್ಯಾಟ್ಯಾಗ. ಅವರೇನೂ ಮೋಸ ಮಾಡಿಲ್ಲ. ಯೋಜನೆ ನೋಡೋದೇ ಉತಾರ, ಕೈಯಲ್ಲ.

ಹಂಗಾರ ಲಾವಣಿ ಕಾಗದ ಮಾಡಿಸ್ರಿ ಅಂತೀರಿ. ಇಲ್ಲೇ ಇತಿಹಾಸ ಅಡ್ಡ ಬರ್ತೈತಿ. ದೇವರಾಜ ಅರಸು ಕಾಲದ ಭೂ ಸುಧಾರಣೆ, 1974. ಉಳುವವನೇ ಹೊಲದೊಡೆಯ ಅಂದ್ರು, ಎಷ್ಟೋ ಗೇಣಿದಾರರಿಗೆ ಭೂಮಿ ಸಿಕ್ತು. ಅದು ದೊಡ್ಡ ಕೆಲಸ, ಅದರಾಗ ನನಗೇನೂ ಅನುಮಾನ ಇಲ್ಲ. ಆದರೆ ಅದೇ ಕಾನೂನು ಮುಂದೆ ಗೇಣಿಗೆ ಕೊಡೋದನ್ನೇ ನಿಷೇಧಿಸಿತು, ಸೈನಿಕರಂಥ ಕೆಲವರಿಗೆ ಬಿಟ್ಟು. ಗೇಣಿ ನಿಲ್ಲಲಿಲ್ಲ, ಕಾಗದ ನಿಂತಿತು. ಈಗ ಎಲ್ಲ ಬಾಯಿಮಾತು. ಕಾಗದದ ಮ್ಯಾಲ ನಮ್ಮಪ್ಪ ರೈತನೇ ಅಲ್ಲ.

ಅವರಿಗೆ ಮುಟ್ಟೋ ಸಬ್ಸಿಡಿ ಒಂದೇ: ಗೊಬ್ಬರದ್ದು. ಅದರ ದುಡ್ಡು ಹೋಗೋದು ಕಂಪನಿಗೆ, ನಮಗೆ ಸಿಗೋದು ಕಡಿಮೆ ರೇಟಿನ ಚೀಲ. 45 ಕೆಜಿ ಯೂರಿಯಾ 266 ರೂಪಾಯಿ 50 ಪೈಸೆ. ಆಧಾರ್ ಹೇಳಿ ಹೆಬ್ಬಟ್ಟು ಒತ್ತಿದ್ರ ಸಾಕು, ಉತಾರ ಯಾರೂ ಕೇಳಂಗಿಲ್ಲ. ಆದರೆ ಚೀಲನೇ ಬರದಿದ್ರ ಆ ಸಬ್ಸಿಡಿನೂ ಇಲ್ಲ. 2008ರ ಜೂನ್ 10 ನೆನಪಿಸ್ಕೋರಿ (ನಾವಿನ್ನೂ ತೊಟ್ಟಿಲಾಗಿದ್ವಿ). ಬಿತ್ತೋ ಹೊತ್ತಿಗೆ ಗೊಬ್ಬರ ಇಲ್ಲ ಅಂತ ಹಾವೇರಿಯಲ್ಲಿ ರೈತರು ಬೀದಿಗಿಳಿದ್ರು, ಪೊಲೀಸರು ಗೋಲಿಬಾರ್ ಮಾಡಿದ್ರು, ಇಬ್ಬರು ರೈತರು ಸತ್ತರು. ರೈತರ ಹೆಸರಿನಲ್ಲಿ ಪ್ರಮಾಣ ಮಾಡಿದ್ದ ಯಡಿಯೂರಪ್ಪನವರು ಮುಖ್ಯಮಂತ್ರಿಯಾಗಿ ಆಗಿನ್ನೂ ಎರಡು ವಾರ ಆಗಿರಲಿಲ್ಲ.

ಇದನ್ನ ಬರಿಯೋ ಮುಂಚೆ ಅಪ್ಪನ್ನ ಕೇಳಿದೆ: “ಒಂದು ಬಾಂಡ್ ಪೇಪರಾದ್ರೂ ಬರಸ್ಕೋಬಾರದೇನು?”

“ಕಾಗದ ಕೇಳಿದ್ರ ಮುಂದಿನ ವರ್ಷ ಹೊಲ ಬ್ಯಾರೇದವರಿಗೆ ಹೋಗ್ತೈತಿ ತಮ್ಮಾ” ಅಂದು ಚೀಲ ಹೆಗಲಿಗೇರಿಸಿ ಹೊಂಟ್ರು.